ಎಣ್ಣೆಯಿಲ್ಲದ ಅಂಗೈ

ಹದಿನೈದು ತುಂಬಿದ ಮಕ್ಕಳು ಆಧಾರ್‌ಗೆ ಮತ್ತೊಮ್ಮೆ ಬೆರಳಚ್ಚು ಕೊಡಬೇಕು. ಐದನೇ ವಯಸ್ಸಿಗೊಮ್ಮೆ, ಹದಿನೈದಕ್ಕೊಮ್ಮೆ ಇದು ಕಡ್ಡಾಯ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಅಕ್ಕನ ಮಗನನ್ನು ಕರೆದುಕೊಂಡು ನಾನು ಬಣಕಲ್‌ನಲ್ಲಿ ಬಸ್ಸು ಹತ್ತಿದ್ದು ಅದಕ್ಕಾಗಿಯೇ. ಆಧಾರ್ ಕೇಂದ್ರದಲ್ಲಿ ಎರಡು ಗಂಟೆ ಕಾದ ಮೇಲೆ ಅವನ ಪಾಳಿ ಬಂತು. ಗಾಜಿನ ಮೇಲೆ ನಾಲ್ಕು ಬೆರಳಿಟ್ಟ, ಯಂತ್ರ ಒಪ್ಪಲಿಲ್ಲ. ಅಂಗಿಗೆ ಒರೆಸಿ ಇಟ್ಟ, ಆಗಲೂ ಇಲ್ಲ. “ಸೋಪು ಹಾಕಿ ಚೆನ್ನಾಗಿ ತೊಳ್ಕೊಂಡು ಬಾ ಹೋಗು” ಎಂದರು ಎದುರಿಗಿದ್ದವರು. ತೊಳೆದು ಬಂದ. ಮೊದಲು ಅಷ್ಟಿಷ್ಟು ಮೂಡುತ್ತಿದ್ದ ಗೆರೆಗಳೂ ಈಗ ಮೂಡಲಿಲ್ಲ.

“ಎಲ್ಲಿ, ಕೈ ತೋರ್ಸೋ” ಎಂದೆ. ಮುಷ್ಟಿ ಬಿಗಿ ಮಾಡಿಕೊಂಡ. ನಾನೇ ಬಿಡಿಸಿ ನೋಡಿದೆ.

ಕಾವಲಿಯ ಮೇಲೆ ಅಕ್ಕಿರೊಟ್ಟಿ ಅಲ್ಲಲ್ಲಿ ಉಬ್ಬುತ್ತದಲ್ಲ, ಆ ಉಬ್ಬಿನ ನೆತ್ತಿ ಒಡೆದು ಸುತ್ತಲಿನ ಅಂಚು ಮಾತ್ರ ಉಳಿದರೆ ಹೇಗಿರುತ್ತದೋ ಹಾಗಿತ್ತು ಅಂಗೈ. ಉಂಗುರದಂಥ ಬಿಳಿ ಅಂಚುಗಳು, ಒಳಗೆ ಎಳೆಯ ಗುಲಾಬಿ ಚರ್ಮ. ಕೆಲವು ಉಂಗುರಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಪದರವೇ ಎದ್ದಿತ್ತು. ಬೆರಳ ತುದಿಗಳು ಗಟ್ಟಿಯಾಗಿ, ಸಣ್ಣಗೆ ಬಿರಿದಿದ್ದವು. ರಕ್ತವಿಲ್ಲ, ಕೀವಿಲ್ಲ. “ತುರಿಸುತ್ತಾ?” “ಇಲ್ಲ ಮಾವ.” “ಯಾವಾಗಿಂದ?” “ಜನವರಿಯಿಂದ.”

ಜನವರಿಯಿಂದ ಏಪ್ರಿಲ್‌ವರೆಗೆ ಒಂದೇ ಮನೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ಒಂದೊಂದೇ ಹೊಳೆಯಿತು. ಮಧ್ಯಾಹ್ನದ ಊಟಕ್ಕೆ ಅವನು ಚಮಚ ಕೇಳಲು ಶುರು ಮಾಡಿದ್ದ. ಅಕ್ಕ ಅದನ್ನು ಹೊಸ ಶೋಕಿ ಎಂದುಕೊಂಡಿದ್ದಳು. ಕಬಡ್ಡಿ ಬಿಟ್ಟಿದ್ದ; ಪರೀಕ್ಷೆ ಬಂತು, ಓದಲಿ ಎಂದು ನಾವು ಖುಷಿಪಟ್ಟಿದ್ದೆವು. ಗೆಳೆಯನೊಬ್ಬ ಅವನ ಕೈ ಹಿಡಿದವನು “ಥೂ” ಎಂದು ಕೊಡವಿಕೊಂಡಿದ್ದನಂತೆ. ಅವತ್ತಿನಿಂದ ಅಂಕಣಕ್ಕೆ ಇಳಿದಿರಲಿಲ್ಲ. ಪರೀಕ್ಷೆಯಲ್ಲಿ ಬೆವರಿದ ಅಂಗೈಗೆ ಉತ್ತರಪತ್ರಿಕೆ ಅಂಟಿಕೊಂಡು, ಎತ್ತಿದಾಗ ಸಿಪ್ಪೆ ಕಿತ್ತು ಬರುತ್ತಿತ್ತು. ಕರ್ಚೀಫು ಹಾಸಿಕೊಂಡು ಬರೆದನಂತೆ. ಹದಿನೈದರ ಹುಡುಗರಿಗೆ ನೋವಿಗಿಂತ ನಾಚಿಕೆ ದೊಡ್ಡದು. ಇದನ್ನು ಬರೆಯಲು ಕೂತದ್ದೇ ಆ ಕಾರಣಕ್ಕೆ.

ಮನೆಗೆ ಬಂದು ಕೈ ತೋರಿಸಿದ ಕೂಡಲೆ ನಾಲ್ಕು ತೀರ್ಪು ಬಂದವು. ಅಜ್ಜಿಯದು ಮೊದಲು: ನಂಜು. ಬದನೆಕಾಯಿ ಬೇಡ, ಒಣಮೀನು ಬೇಡ, ಮಳೆ ಶುರುವಾದರೆ ಕಳಲೆ ಮುಟ್ಟಿಸಬೇಡಿ. ಅಕ್ಕನದು ಎರಡನೆಯದು: ವಿಟಮಿನ್ ಕಡಿಮೆಯಾಗಿದೆ. ಪಕ್ಕದ ತೋಟದವರು ಬಂದು ನೋಡಿ ದನಿ ತಗ್ಗಿಸಿ ಅಂದರು: ಹಾವು ಪೊರೆ ಬಿಟ್ಟ ಹಾಗಿದೆ, ಯಾವುದಕ್ಕೂ ಒಮ್ಮೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿ ಬನ್ನಿ. ನಾಲ್ಕನೆಯ ತೀರ್ಪು ಹುಡುಗನ ಶಾಲೆಯ ಚೀಲದಲ್ಲೇ ಇತ್ತು. ಫೆಬ್ರವರಿಯಿಂದ ಅವನು ತಾನೇ ಒಂದು ಔಷಧದಂಗಡಿಗೆ ಹೋಗಿ ಕೈ ತೋರಿಸಿ ತಂದುಕೊಳ್ಳುತ್ತಿದ್ದ ಮುಲಾಮಿನ ಟ್ಯೂಬು. ಚೀಟಿ ಕೇಳದೆ ಕೊಟ್ಟಿದ್ದರು. ಮೂರನೆಯ ಟ್ಯೂಬು ಅದು, ಅರ್ಧ ಖಾಲಿಯಾಗಿತ್ತು.

ಈ ನಾಲ್ಕರಲ್ಲಿ ನಾನು ಹೆದರಿದ್ದು ನಾಲ್ಕನೆಯದಕ್ಕೆ. ಅದರ ಮಾತು ಮುಂದೆ ಬರುತ್ತದೆ.

ಚರ್ಮದ ಡಾಕ್ಟರನ್ನು ಕಾಣಲು ಚಿಕ್ಕಮಗಳೂರಿಗೆ ಹೋದೆವು. ಕೈ ಮುಂದೆ ಚಾಚಿದ ಹುಡುಗನಿಗೆ ಆ ಡಾಕ್ಟರಮ್ಮ ಮೊದಲು ಹೇಳಿದ್ದು, “ಚಪ್ಪಲಿ ಬಿಚ್ಚು, ಕಾಲು ನೋಡೋಣ” ಎಂದು. ಅಂಗಾಲು, ಕಾಲ್ಬೆರಳ ಸಂದು, ಉಗುರು ನೋಡಿದರು. ಮೊಣಕೈ, ನೆತ್ತಿ, ಕೈಬೆರಳ ಸಂದು ನೋಡಿದರು. ಆಮೇಲೆ ಅಂಗೈ. ಏಕೆಂದು ಕೇಳಿದಾಗ ವಿವರಿಸಿದರು. ಕೈಗೆ ಬರುವ ಹುಳುಕಡ್ಡಿ ಎಷ್ಟೋ ಸಲ ಕಾಲಿನಿಂದ ಹತ್ತುತ್ತದೆ. ಎರಡೂ ಕಾಲು, ಒಂದೇ ಕೈ ಎನ್ನುವುದು ಅದರ ಗುರುತು. ಎರಡು ಅಂಗೈಗಳೂ ಒಂದೇ ಸಮ ಸುಲಿದು, ಕಾಲು ಚೊಕ್ಕವಾಗಿದ್ದರೆ ಶಿಲೀಂಧ್ರದ ಅನುಮಾನ ಕಡಿಮೆ. ಆದರೂ ಅನುಮಾನ ಉಳಿಸಿಕೊಳ್ಳಬಾರದೆಂದು ಬ್ಲೇಡಿನ ಅಂಚಿನಿಂದ ಒಂದು ಚೂರು ಸಿಪ್ಪೆ ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸತ್ತ ಚರ್ಮ ಕರಗಿದರೆ ಶಿಲೀಂಧ್ರದ ಎಳೆಗಳಿದ್ದಲ್ಲಿ ಎದ್ದು ಕಾಣುತ್ತವೆ. ಎಳೆಗಳಿರಲಿಲ್ಲ. ದೊಡ್ಡ ಖರ್ಚಿಲ್ಲದ, ಕೆಲವೇ ನಿಮಿಷದ ಪರೀಕ್ಷೆ.

ಕೆರಟೋಲೈಸಿಸ್ ಎಕ್ಸ್‌ಫೋಲಿಯೇಟಿವಾ ಎಂದರು. ಹೆಸರು ಉದ್ದ, ವಿಷಯ ಸರಳ. ಚರ್ಮದ ಮೇಲ್ಪದರದ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಕೊಂಡಿಗಳಿರುತ್ತವೆ. ಅವು ಕಳಚುವ ಕಾಲಕ್ಕೆ ಮುಂಚೆಯೇ ಕಳಚಿದರೆ ನಡುವೆ ಗಾಳಿ ತುಂಬಿದ ಸಣ್ಣ ಗುಳ್ಳೆ ಏಳುತ್ತದೆ. ಒಳಗೆ ನೀರಿಲ್ಲ, ಬರಿ ಗಾಳಿ; ಥೇಟು ಅಕ್ಕಿರೊಟ್ಟಿಯ ಉಬ್ಬು. ಅದು ಒಡೆದು ಉಂಗುರವಾಗಿ ಸುಲಿಯುತ್ತದೆ. ಹದಿಹರೆಯದವರಲ್ಲಿ, ಯುವಕರಲ್ಲಿ ಹೆಚ್ಚು. ಅಂಗೈ ಬೆವರುವವರಿಗೆ, ಬೇಸಗೆಯಲ್ಲಿ, ಸೋಪು ನೀರಲ್ಲಿ ಕೈ ಹೆಚ್ಚು ಇಡುವವರಿಗೆ ಜೋರಾಗುತ್ತದೆ. ಕೆಲವು ವಾರದಲ್ಲಿ ತಾನಾಗಿ ಇಳಿದು, ಮತ್ತೊಮ್ಮೆ ಬರಬಹುದು. “ಇದು ಯಾರಿಗೂ ಅಂಟಲ್ಲ ಮಗ, ನಾಳೆಯಿಂದ ಕಬಡ್ಡಿ ಆಡು” ಎಂದರು ಡಾಕ್ಟರಮ್ಮ. ನಾಲ್ಕು ತಿಂಗಳಲ್ಲಿ ಅವನು ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತದ್ದನ್ನು ಅವತ್ತು ಮೊದಲ ಸಲ ಕಂಡೆ.

ಅಂದು ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಮೈಯ ಚರ್ಮ ತನ್ನ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ಮುಖ, ಬೆನ್ನು, ನೆತ್ತಿ ಎಲ್ಲೆಡೆ ಎಣ್ಣೆಯ ಗ್ರಂಥಿಗಳಿವೆ. ಹರೆಯದಲ್ಲಿ ಮುಖದ ತುಂಬ ಮೊಡವೆ ಏಳುವುದು ಅವುಗಳ ದೆಸೆಯಿಂದಲೇ. ಅಂಗೈ ಅಂಗಾಲುಗಳಲ್ಲಿ ಆ ಗ್ರಂಥಿ ಒಂದೂ ಇಲ್ಲ. ಬೆವರಿನ ಗ್ರಂಥಿಗಳೋ, ಬೇರೆಲ್ಲ ಕಡೆಗಿಂತ ಅಲ್ಲೇ ಹೆಚ್ಚು ಒತ್ತೊತ್ತಾಗಿವೆ. ಅದೂ ಬಿಸಿಲಿಗಿಂತ ಭಯಕ್ಕೆ, ಆತಂಕಕ್ಕೆ ಬೇಗ ಬೆವರುವ ಜಾಗ. ಹಾಗಾಗಿ ಮೈಯಲ್ಲೆಲ್ಲ ಹೆಚ್ಚು ದುಡಿಯುವ, ಹೆಚ್ಚು ನೀರು ಮುಟ್ಟುವ ಚರ್ಮಕ್ಕೆ ಸ್ವಂತದ ಎಣ್ಣೆಯೇ ಇಲ್ಲ. ದಪ್ಪವೇನೋ ಇದೆ, ಆದರೆ ಆ ದಪ್ಪವನ್ನು ಮೆತ್ತಗೆ ಇಡಲು ಹೊರಗಿನಿಂದಲೇ ಜಿಡ್ಡು ಕೊಡಬೇಕು. ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಅದರ ಪಿಎಚ್ 5ರ ಆಸುಪಾಸು. ಬಟ್ಟೆ ಸೋಪು, ಮೈಸೋಪುಗಳದು 9ರಿಂದ 10. ದಿನಕ್ಕೆ ಹತ್ತು ಸಲ ಆ ಕ್ಷಾರದಲ್ಲಿ ತಿಕ್ಕಿದರೆ ಇದ್ದಬದ್ದ ಪಸೆಯೂ ಹೋಗಿ ಕೊಂಡಿಗಳು ಕಳಚುತ್ತವೆ. ಆಧಾರ್ ಕೇಂದ್ರದಲ್ಲಿ ಕೈ ತೊಳೆದು ಬಂದ ಮೇಲೆ ಬೆರಳಚ್ಚು ಇನ್ನಷ್ಟು ಕೆಟ್ಟದ್ದು ಯಾಕೆಂದು ಆಗ ತಿಳಿಯಿತು.

ನಮ್ಮ ಸೀಮೆಯ ಕೈಗಳನ್ನು ಆಮೇಲೆ ಬೇರೆ ಕಣ್ಣಿನಿಂದ ನೋಡತೊಡಗಿದೆ. ಹೇಮಾವತಿ ಹುಟ್ಟುವ ನೆಲ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಒಣಗುವುದೆಂಬುದೇ ಇಲ್ಲ. ಗದ್ದೆ ಉಳಿಸಿಕೊಂಡವರ ಮನೆಯಲ್ಲಿ ಸಸಿ ಕಿತ್ತು ನಾಟಿ ಮಾಡುವಾಗ ಬೆರಳ ಸಂದು ನೆನೆದು ಬೆಳ್ಳಗಾಗಿ ಕೆಸರುಹುಣ್ಣು ಏಳುತ್ತದೆ. ಡಿಸೆಂಬರ್ ಬಂತೆಂದರೆ ಕಾಫಿ ಹಣ್ಣಿನ ಲೋಳೆ, ಗಿಡದ ಕಡ್ಡಿಯ ತರಚು. ರೋಬಸ್ಟಾ ಮುಗಿಯುವ ಹೊತ್ತಿಗೆ ಮೆಣಸಿನ ಕೊಯ್ಲು, ಮೆಣಸಿನ ಖಾರ. ಮಳೆಗೆ ಮುಂಚೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣದ ನೀರನ್ನು ಬರಿಗೈಯಲ್ಲಿ ಕಲಸುವ ಹುಡುಗರನ್ನು ಎಷ್ಟು ತೋಟದಲ್ಲಿ ನೋಡಿಲ್ಲ! ಬೈಕಿನ ಚೈನಿಗೆ ಕೈ ಹಾಕಿ, ಗ್ರೀಸು ಹೋಗಲೆಂದು ಪೆಟ್ರೋಲಿನಲ್ಲಿ ಕೈ ತೊಳೆಯುವುದೂ ಈ ವಯಸ್ಸಿನವರಲ್ಲಿ ಮಾಮೂಲಿ. ಪೆಟ್ರೋಲು ಕೈಯ ಜಿಡ್ಡನ್ನು ಸೋಪಿಗಿಂತಲೂ ನಿರ್ದಯವಾಗಿ ಎಳೆದುಬಿಡುತ್ತದೆ. ನಮ್ಮ ಹುಡುಗನ ಜನವರಿ ಹೇಗಿತ್ತೆಂದರೆ, ರಜೆ ದಿನ ತೋಟದಲ್ಲಿ ಹಣ್ಣು ಕೊಯ್ದು, ಸಂಜೆ ಕೈ ಕಪ್ಪು ಹೋಗಲೆಂದು ಬಟ್ಟೆ ಸೋಪಿನಲ್ಲಿ ಕಲ್ಲಿಗೆ ತಿಕ್ಕಿ, ಹಂಡೆಯ ಸುಡುನೀರಲ್ಲಿ ಮಿಂದು, ರಾತ್ರಿ ಹನ್ನೊಂದರವರೆಗೆ ಗಣಿತದ ಮುಂದೆ ಬೆವರುತ್ತ ಕೂರುವುದು.

ಹೆಣ್ಣುಮಕ್ಕಳ ಕೈಯ ಕಥೆ ಅಡುಗೆಮನೆಯಲ್ಲಿದೆ, ಅದನ್ನು ಕೇಳುವವರು ಕಡಿಮೆ. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿ, ಹಾಸ್ಟೆಲಿನಲ್ಲಿದ್ದರೆ ತಮ್ಮ ಬಟ್ಟೆ ತಾವೇ ಒಗೆಯುವುದು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿ ಮಾತ್ರ ಒಣಗಿ ಬಿರಿದು ಸುಲಿಯುತ್ತಿದ್ದರೆ ಬೆಳ್ಳುಳ್ಳಿಯನ್ನು ಅನುಮಾನಿಸಬೇಕು. ಬಲಗೈಯಲ್ಲಿ ಚಾಕು ಹಿಡಿದವರು ಎಸಳನ್ನು ಹಿಡಿಯುವುದು ಆ ಮೂರು ಬೆರಳಿನಲ್ಲೇ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಸುಲಿಯುವ ಕೈಗೆ ಬೆಳ್ಳುಳ್ಳಿ ಜಜ್ಜಿ ಹಚ್ಚುವ ಮನೆಮದ್ದೂ ನಮ್ಮಲ್ಲಿದೆ. ದಯವಿಟ್ಟು ಮಾಡಬೇಡಿ, ಹಸಿ ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ತಿಕ್ಕುವುದೂ ಬೇಡ.

ಕೈ ಸುಲಿಯುವುದೆಲ್ಲ ನಮ್ಮ ಹುಡುಗನದ್ದೇ ಎಂದುಕೊಳ್ಳಬಾರದು. ಬೆರಳ ಬದಿಗಳಲ್ಲಿ, ಅಂಗೈಯಲ್ಲಿ ಸಬ್ಬಕ್ಕಿಯಂಥ ನೀರುಗುಳ್ಳೆಗಳು ಒಳಗೊಳಗೇ ಎದ್ದು, ನಿದ್ದೆಗೆಡಿಸುವಷ್ಟು ತುರಿಸಿ, ಎರಡು ಮೂರು ವಾರದಲ್ಲಿ ಒಣಗಿ ಸುಲಿದರೆ ಅದು ಪಾಂಫೋಲಿಕ್ಸ್ ಎಂಬ ಇಸಬು. ಅದಕ್ಕೆ ಡಾಕ್ಟರು ಬರೆದುಕೊಡುವ ಮದ್ದು ಬೇಕೇ ಬೇಕು. ರಾತ್ರಿ ಹೊತ್ತು ಬೆರಳ ಸಂದು, ಮಣಿಕಟ್ಟು, ಸೊಂಟ ತುರಿಸುತ್ತಿದ್ದು ಮನೆಯಲ್ಲಿ ಇನ್ನೊಬ್ಬರಿಗೂ ಹಾಗಿದ್ದರೆ ಕಜ್ಜಿ. ಆಗ ತುರಿಸಲಿ ಬಿಡಲಿ ಮನೆಮಂದಿಯೆಲ್ಲ ಒಂದೇ ದಿನ ಮದ್ದು ಹಚ್ಚಿಕೊಳ್ಳದೆ ಹೋಗುವುದಿಲ್ಲ. ದಪ್ಪ ಹೊಪ್ಪಳೆ, ಒಡಕು, ಜೊತೆಗೆ ಮೊಣಕೈ ನೆತ್ತಿಯಲ್ಲೂ ಬಿಳಿ ಹೊಟ್ಟು ಎದ್ದರೆ ಸೋರಿಯಾಸಿಸ್ ಇರಬಹುದು. ಗೇರು ಜಾತಿಯ ಕಾಡುಮರಗಳ ಸೊನೆ ತಾಗಿದರೆ ಬೊಕ್ಕೆ ಎದ್ದು ಆಮೇಲೆ ಚರ್ಮ ಕಳಚುವುದನ್ನು ಸೌದೆಗೆ ಹೋಗುವವರೆಲ್ಲ ಬಲ್ಲರು. ಹುಟ್ಟಿದಾರಭ್ಯ ಕೈಕಾಲಿನ ಚರ್ಮ ನೀರು ಸೋಕಿದರೆ ಸುಲಿಯುವ ವಂಶವಾಹಿ ತೊಂದರೆಯೂ ಒಂದಿದೆ, ತೀರಾ ಅಪರೂಪ.

ಜ್ವರ ಬಂದು ಹೋದ ಮೇಲಿನ ಸುಲಿತದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. 2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂನಲ್ಲಿ ಚಿಕ್ಕ ಮಕ್ಕಳಿಗೆ ‘ಟೊಮೆಟೊ ಜ್ವರ’ ಬಂದಾಗ ನಮ್ಮ ಗಡಿ ಜಿಲ್ಲೆಗಳಲ್ಲೂ ಗಾಬರಿಯಾಗಿತ್ತು. ಕೈ ಕಾಲು ಬಾಯಿ ರೋಗದ ಬಗೆಯದು ಅದು. ಅಂಥ ಜ್ವರ ಇಳಿದ ಎರಡು ಮೂರು ವಾರಕ್ಕೆ ಅಂಗೈ ಸುಲಿಯುವುದು, ಒಮ್ಮೊಮ್ಮೆ ಇನ್ನೂ ಕೆಲವು ವಾರ ಬಿಟ್ಟು ಉಗುರು ಕಳಚುವುದು ಉಂಟು; ಹೊಸ ಉಗುರು ಬರುತ್ತದೆ. ಆದರೆ ಮನೆಯ ಚಿಕ್ಕ ಮಗುವಿಗೆ ಐದು ದಿನವಾದರೂ ಬಿಡದ ಜ್ವರ, ಕೀವಿಲ್ಲದ ಕೆಂಗಣ್ಣು, ಕೆಂಪು ನಾಲಗೆ, ಒಡೆದ ತುಟಿ, ಊದಿದ ಕೈಕಾಲು ಕಂಡರೆ ಸುಲಿಯುವವರೆಗೆ ಕಾಯುವಂತಿಲ್ಲ. ಅದು ಕವಾಸಾಕಿ ಕಾಯಿಲೆಯಾದರೆ ಹೃದಯದ ರಕ್ತನಾಳಕ್ಕೆ ಪೆಟ್ಟು ಬೀಳಬಹುದು. ಉಗುರಿನ ಬುಡದಿಂದ ಚರ್ಮ ಏಳುವುದು ಅದರಲ್ಲಿ ಎರಡು ಮೂರನೇ ವಾರದ ಲಕ್ಷಣ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಇನ್ನು ಅಕ್ಕನ ವಿಟಮಿನ್. ಬಿ ಗುಂಪಿನ ನಯಾಸಿನ್ ಕಡಿಮೆಯಾದರೆ ಬರುವ ಪೆಲಾಗ್ರದಲ್ಲಿ ಚರ್ಮ ಸುಲಿಯುವುದು ನಿಜ. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡ ಕೂಲಿಕಾರರಲ್ಲಿ ಅದನ್ನು ಹೈದರಾಬಾದಿನ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಆಳವಾಗಿ ಅಭ್ಯಾಸ ಮಾಡಿದ್ದರು. ಆದರೆ ಪೆಲಾಗ್ರ ಹಿಡಿಯುವುದು ಬಿಸಿಲು ಬೀಳುವ ಜಾಗವನ್ನು: ಕೈಯ ಹಿಂಬದಿ, ಕತ್ತಿನ ಸುತ್ತ. ಅನ್ನ, ಮೊಟ್ಟೆ, ಮೀನು, ಕಾಳು ತಿನ್ನುವ ಮಲೆನಾಡಿನ ಹುಡುಗನ ಅಂಗೈ ಸುಲಿದರೆ ಕಾರಣವನ್ನು ತಟ್ಟೆಯಲ್ಲಿ ಹುಡುಕುವುದಕ್ಕಿಂತ ಬಚ್ಚಲಲ್ಲಿ ಹುಡುಕುವುದು ಒಳ್ಳೆಯದು. ಬಾಟಲಿ ತಂದು ಮಾತ್ರೆ ನುಂಗಿಸುವವರು ಇದನ್ನೂ ತಿಳಿದಿರಲಿ, ಎ ವಿಟಮಿನ್ ಅತಿಯಾದರೆ ಅದರಿಂದಲೇ ಚರ್ಮ ಸುಲಿಯುತ್ತದೆ. ಅಜ್ಜಿಯ ನಂಜಿನ ಪಥ್ಯಕ್ಕೂ ಈ ಸುಲಿತಕ್ಕೂ ಸಂಬಂಧವಿಲ್ಲ. ಬೆಳೆಯುವ ಹುಡುಗನಿಗೆ ಮೀನು ತಪ್ಪಿಸುವುದು ನಷ್ಟ. ಸುಬ್ರಹ್ಮಣ್ಯದ ಹರಕೆಯನ್ನು ನಾನು ಬೇಡವೆನ್ನುವವನಲ್ಲ. ಹರಕೆ ಕಟ್ಟಿಟ್ಟು ಡಾಕ್ಟರ ಬಳಿ ಹೋಗುವುದನ್ನು ಮುಂದೂಡಬಾರದು, ಅಷ್ಟೆ. ಮುಖ್ಯವಾಗಿ, ಸರ್ಪದ ಮಾತನ್ನು ಹುಡುಗನ ಎದುರಿಗೆ ಆಡಬಾರದು. ತನ್ನ ಮೈಯಲ್ಲೇ ಏನೋ ದೋಷವಿದೆ ಎಂದು ನಂಬಿದ ಹುಡುಗ ಕೈ ಬಿಚ್ಚುವುದಿಲ್ಲ.

ಅಜ್ಜಿಯ ಹತ್ತಿರ ಇದಕ್ಕೆ ಸರಿಯಾದ ಮದ್ದು ಮೊದಲಿನಿಂದ ಇತ್ತು, ಅದನ್ನು ಅವರು ಮದ್ದೆಂದು ಎಣಿಸಿರಲಿಲ್ಲ. ಹಲಸಿನಕಾಯಿ ಕೊಚ್ಚುವ ಮುಂಚೆ ಅವರು ಏನು ಮಾಡುತ್ತಾರೆ? ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಮೇಣ ಅಂಟಿದ ಮೇಲೆ ತಿಕ್ಕುವುದಿಲ್ಲ, ಅಂಟುವ ಮುಂಚೆಯೇ ಎಣ್ಣೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಮುರುಗಲು ತುಪ್ಪ ಕಾಸಿ ತುಂಬುತ್ತಾರೆ. ಡಾಕ್ಟರಮ್ಮ ಬರೆದುಕೊಟ್ಟದ್ದೂ ತತ್ವದಲ್ಲಿ ಅದೇ. ಕೈ ತೊಳೆದಾಗಲೆಲ್ಲ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ಹಸಿ ಇರುವಾಗಲೇ ಜಿಡ್ಡು ಹಚ್ಚಬೇಕು. ಹಗಲು ಶೇಕಡ 10ರ ಯೂರಿಯಾ ಇರುವ ಕ್ರೀಮು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದಷ್ಟು, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಗೆ ಸಾಕು. ರಾತ್ರಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿದು ಹತ್ತಿಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುವುದು. ಜೆಲ್ಲಿ ಇಲ್ಲದಿದ್ದರೆ ತೆಂಗಿನೆಣ್ಣೆಯೂ ಆದೀತು, ಮುರುಗಲು ತುಪ್ಪವೂ ಆದೀತು. ಯೂರಿಯಾ ಎಂದೊಡನೆ ನಮ್ಮವರಿಗೆ ಗೊಬ್ಬರದ ಚೀಲ ನೆನಪಾಗುತ್ತದೆ. ಕ್ರೀಮಿನಲ್ಲಿರುವುದು ಶುದ್ಧಗೊಳಿಸಿ ಅಳತೆ ಹಾಕಿ ಬೆರೆಸಿದ್ದು. ಗೊಬ್ಬರವನ್ನು ನೀರಲ್ಲಿ ಕರಗಿಸಿ ಕೈಗೆ ಹಚ್ಚುವ ಸಾಹಸ ಯಾರೂ ಮಾಡಕೂಡದು.

ಎದ್ದ ಸಿಪ್ಪೆಯನ್ನು ಎಳೆಯಬಾರದು. ಎಳೆದರೆ ಗಟ್ಟಿ ಚರ್ಮವೂ ಜೊತೆಗೆ ಬಂದು ಉರಿ ಶುರುವಾಗುತ್ತದೆ. ಸಣ್ಣ ಕತ್ತರಿಯಲ್ಲಿ ಕತ್ತರಿಸಿದರೆ ಸಾಕು. ಕೈಗೆ ಉಗುರುಬೆಚ್ಚಗಿನ ನೀರು, ಬಟ್ಟೆ ಸೋಪು ಬಂದ್. ಪಾತ್ರೆಗೆ, ಬೋರ್ಡೋಗೆ, ಮೆಣಸಿಗೆ ಕೈಗವಸು. ರಬ್ಬರಿನದಾದರೆ ಒಳಗೊಂದು ತೆಳು ಹತ್ತಿಯದು, ಬೆವರಿದ ಕೂಡಲೆ ತೆಗೆಯಬೇಕು. ಹೊಸ ಚರ್ಮ ಕೆಳಗಿನಿಂದ ಮೇಲಕ್ಕೆ ಬರಲು ನಾಲ್ಕು ವಾರವಾದರೂ ಹಿಡಿಯುತ್ತದೆ, ಅಂಗೈಯಲ್ಲಿ ಇನ್ನೂ ಹೆಚ್ಚು. ಮೂರೇ ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು.

ಆ ಮೂರು ಟ್ಯೂಬುಗಳಿಗೆ ಬರುತ್ತೇನೆ. ಅವುಗಳ ಹಿಂಬದಿ ಸಣ್ಣಕ್ಷರದಲ್ಲಿ ಕ್ಲೊಬೆಟಾಸಾಲ್ ಎಂದಿತ್ತು, ಜೊತೆಗೆ ಒಂದು ಶಿಲೀಂಧ್ರನಾಶಕ, ಒಂದು ಬ್ಯಾಕ್ಟೀರಿಯಾ ನಾಶಕ. ಕ್ಲೊಬೆಟಾಸಾಲ್ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಬಿರುಸಿನದು. ಇಸಬಿಗೆ, ಸೋರಿಯಾಸಿಸ್ಸಿಗೆ ತಜ್ಞರ ಲೆಕ್ಕದಲ್ಲಿ ಅದು ಒಳ್ಳೆಯ ಔಷಧ. ನಮ್ಮ ಹುಡುಗನ ತೊಂದರೆಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಹುಳುಕಡ್ಡಿ ಇದ್ದಿದ್ದರೆ? ಎರಡು ದಿನ ತುರಿಕೆ ನಿಂತು ಗುಣವಾಯಿತೆಂಬ ಭ್ರಮೆ ಹುಟ್ಟುತ್ತಿತ್ತು. ಒಳಗೆ ಶಿಲೀಂಧ್ರ ಹಬ್ಬುತ್ತ, ಗುರುತು ಸಿಗದ ರೂಪ ತಾಳುತ್ತಿತ್ತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಭಾರತದ ಚರ್ಮವೈದ್ಯರ ಸಂಘ ಈ ದುರ್ಬಳಕೆಯ ವಿರುದ್ಧ ವರ್ಷಗಳಿಂದ ದನಿ ಎತ್ತುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಪುಸ್ತಕದಲ್ಲಿದ್ದರೂ ಹದಿನೈದರ ಹುಡುಗನೊಬ್ಬನಿಗೆ ಮೂರು ಸಲ ಟ್ಯೂಬು ಸಿಕ್ಕಿತು. ಇದು ಸಣ್ಣ ತಪ್ಪಲ್ಲ.

ಚಿಕ್ಕಮಗಳೂರಿನವರೆಗೆ ಹೋಗಿ ಬರುವ ಬಸ್‌ಚಾರ್ಜೂ ಒಂದು ದಿನದ ಕೂಲಿಯೂ ತೋಟದ ಲೈನಿನಲ್ಲಿರುವ ಎಷ್ಟೋ ಮನೆಗೆ ಭಾರ. ಅವರಿಗೆ ಒಂದು ದಾರಿ ಶಾಲೆಯಲ್ಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬಂದು ಹದಿನೆಂಟರವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಕಜ್ಜಿ, ಶಿಲೀಂಧ್ರ, ಇಸಬು ಮೂರೂ ಇವೆ. ಮಗು ಅಂಗೈ ಬಿಚ್ಚಿ ತೋರಿಸಿದರೆ ಮಾತ್ರ ಅವರಿಗೆ ಕಾಣುತ್ತದೆ. ಮೇಷ್ಟ್ರುಗಳು, ಟೀಚರುಗಳು ಅಂದು ಎಲ್ಲ ಮಕ್ಕಳಿಗೂ ಎರಡೂ ಕೈ ಬಿಚ್ಚಿ ತೋರಿಸಲು ಹೇಳಿದರೆ ಸಾಕು. ಒಬ್ಬನನ್ನೇ ಮುಂದೆ ಕರೆದು ನಿಲ್ಲಿಸಬಾರದು. ಕೀವು, ನೋವು, ಜ್ವರ, ಹರಡುವ ಕೆಂಪು ಇದ್ದರೆ, ಮಚ್ಚೆಯೊಂದರಲ್ಲಿ ಮುಟ್ಟಿದ ಅರಿವೇ ಇಲ್ಲದಿದ್ದರೆ ತಂಡ ಬರುವವರೆಗೂ ಕಾಯದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ ಮತ್ತೆ ಆಧಾರ್ ಕೇಂದ್ರಕ್ಕೆ ಹೋದೆವು. ಹತ್ತು ಬೆರಳೂ ಮೂಡಿದವು. ಅವನೀಗ ಪಿಯುಸಿಯಲ್ಲಿದ್ದಾನೆ, ಆಟಕ್ಕೆ ಹೋಗುವ ಮುಂಚೆ, ಬಂದು ಕೈ ತೊಳೆದ ಮೇಲೆ ಎಣ್ಣೆ ಸವರಿಕೊಳ್ಳುತ್ತಾನೆ. ಅಂಚಿನಲ್ಲಿ ಒಂದೆರಡು ಉಂಗುರ ಇನ್ನೂ ಏಳುತ್ತವೆ, ಮುಚ್ಚಿಡುವುದಿಲ್ಲ.

ಈ ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಮನೆಯ ಮಕ್ಕಳ ಅಂಗೈ ಒಮ್ಮೆ ನೋಡಿ. ಕೈಯಲ್ಲಿ ಉಣ್ಣುತ್ತಿದ್ದ ಮಗು ಈಚೆಗೆ ಚಮಚ ಕೇಳುತ್ತಿದ್ದರೆ ಇವತ್ತೇ ನೋಡಿ.